ಅಂಟಿಗಿಂತ ಮೈ ಮುಖ್ಯ: ವಿಮಾನದ ಅಲ್ಯೂಮಿನಿಯಂ ಹಾಳೆಗಳನ್ನು ಅಂಟಿಸುವುದು ಹೇಗೆ?

ವಿಮಾನದ ಒಡಲು, ರೆಕ್ಕೆ, ಬಾಲ ಎಲ್ಲವನ್ನೂ ರಿವೆಟ್ ಹೊಡೆದೇ ಕೂಡಿಸಿರುತ್ತಾರೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ನಿಜ ಮಾತ್ರ. ಎಷ್ಟೋ ವಿಮಾನಗಳಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ಅಂಟಿನಿಂದಲೂ ಕೂಡಿಸಿರುತ್ತಾರೆ. ಸಾವಿರಾರು ಅಡಿ ಎತ್ತರದಲ್ಲಿ, ಕೊರೆಯುವ ಚಳಿಯಲ್ಲಿ, ದಿನಕ್ಕೆ ಹಲವು ಸಲ ಏರಿಳಿಯುವ ವಿಮಾನದ ಹಾಳೆಯನ್ನು ಅಂಟು ಹಿಡಿದುಕೊಂಡಿರುತ್ತದೆ ಎಂದರೆ ಮೊದಲಿಗೆ ನಂಬಿಕೆ ಬಾರದು. ಆದರೆ ಅಂಟಿನ ಗುಟ್ಟು ಅಂಟಿನ ಡಬ್ಬಿಯಲ್ಲಿಲ್ಲ. ಅಂಟು ಹಚ್ಚುವ ಮುನ್ನ ಲೋಹದ ಮೈಯನ್ನು ಹೇಗೆ ಸಿದ್ಧ ಮಾಡಿದ್ದಾರೆ ಎಂಬುದರಲ್ಲಿದೆ.

ಈ ವಿಷಯ ನಮ್ಮ ಭಾಗದವರಿಗೆ ಯಾಕೆ ಬೇಕು? ಕಾರಣವಿದೆ. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಹೋಗಿ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಬೆಳಗಾವಿ ಜಿಲ್ಲೆಯ ಹತ್ತರಗಿ ಸಿಗುತ್ತದೆ. ಅಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ಜಗತ್ತಿನ ದೊಡ್ಡ ವಿಮಾನ ಕಂಪನಿಗಳಿಗೆ ಬೇಕಾದ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ. ಕೆನಡಾದ ಮ್ಯಾಗೆಲನ್ ಏರೋಸ್ಪೇಸ್ ಜೊತೆಗಿನ ಪಾಲುದಾರಿಕೆಯಲ್ಲಿ, ಲೋಹದ ಭಾಗಗಳ ಮೇಲ್ಮೈ ಸಂಸ್ಕರಣೆಗೆಂದೇ ಅಲ್ಲಿ ಪ್ರತ್ಯೇಕ ಘಟಕ ಎದ್ದಿದೆ. ಇತ್ತ ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ, ಕಾಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಎರಕದ ಮತ್ತು ಯಂತ್ರಭಾಗಗಳ ಕಾರ್ಖಾನೆಗಳು ಬಹಳ. ಐಟಿಐ, ಡಿಪ್ಲೊಮಾ ಮುಗಿಸಿದ ಗಡಿಭಾಗದ ಹುಡುಗ ಹುಡುಗಿಯರಿಗೆ ಲೇತ್, ಮಿಲ್ಲಿಂಗ್ ಕೆಲಸ ಗೊತ್ತು. ಲೋಹದ ಮೈ ತೊಳೆಯುವುದೂ ಒಂದು ವಿದ್ಯೆ, ಅದನ್ನೇ ನಂಬಿ ವಿಮಾನ ಹಾರುತ್ತದೆ ಎಂಬುದನ್ನು ಮಾತ್ರ ಹೇಳುವವರು ಕಡಿಮೆ.

ರಿವೆಟ್ ಇರುವಾಗ ಅಂಟು ಯಾಕೆ?

ರಿವೆಟ್ ಹಾಕಬೇಕಾದರೆ ಹಾಳೆಗೆ ತೂತು ಕೊರೆಯಬೇಕು. ತೂತಿನ ಅಂಚಿನಲ್ಲಿ ಬಲವೆಲ್ಲ ಒತ್ತರಿಸುತ್ತದೆ. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ಒಡಲು ಸ್ವಲ್ಪ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಹೀಗೆ ಸಾವಿರಾರು ಸಲ ಆದಾಗ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆ.

ಅಂಟಿಗೆ ತೂತು ಬೇಡ. ಬಲ ಇಡೀ ಜೋಡಣೆಯ ಅಗಲಕ್ಕೆ ಹಂಚಿಹೋಗುತ್ತದೆ. ತೂಕ ಕಡಿಮೆ, ಗಾಳಿ ಸೋರುವುದಿಲ್ಲ, ಹೊರಮೈ ನುಣುಪಾಗಿರುತ್ತದೆ. ಜೇನುಗೂಡಿನಂಥ ತೆಳು ಅಲ್ಯೂಮಿನಿಯಂ ಹಂದರದ ಎರಡೂ ಬದಿಗೆ ಹಾಳೆ ಕೂಡಿಸಿ ಹಗುರವಾದ ಗಟ್ಟಿ ಹಲಗೆ ಮಾಡುತ್ತಾರೆ. ಅದಕ್ಕಂತೂ ಅಂಟೇ ದಾರಿ.

ಇದು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿಯ ಸಂಸ್ಥೆ 1941ರಲ್ಲಿ ಲೋಹ ಅಂಟಿಸುವ 'ರೆಡಕ್ಸ್' ಎಂಬ ಅಂಟನ್ನು ರೂಪಿಸಿತು. 1944ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಹಾರ್ನೆಟ್ ಯುದ್ಧವಿಮಾನದಲ್ಲಿ ಅದನ್ನು ಬಳಸಿದರು. ಮುಂದೆ ಹಾಲೆಂಡಿನ ಫೋಕರ್ ಕಂಪನಿ ತನ್ನ ಎಫ್-27 ಫ್ರೆಂಡ್‌ಶಿಪ್ ವಿಮಾನದಲ್ಲಿ ಲೋಹದ ಅಂಟನ್ನು ಧಾರಾಳವಾಗಿ ಬಳಸಿತು. ಒಂದು ಕಾಲಕ್ಕೆ ನಮ್ಮ ಇಂಡಿಯನ್ ಏರ್‌ಲೈನ್ಸ್ ಓಡಿಸುತ್ತಿದ್ದುದು ಇದೇ ಫ್ರೆಂಡ್‌ಶಿಪ್ ವಿಮಾನಗಳನ್ನು. ಅಂದರೆ ನಮ್ಮ ಹಿರಿಯರಲ್ಲಿ ಕೆಲವರು ಅಂಟಿನ ವಿಮಾನದಲ್ಲಿ ಕೂತು ಬಂದವರೇ! ಈಚೆಗೆ ಏರ್‌ಬಸ್ ಎ-380ರ ಒಡಲಿನ ಮೇಲ್ಭಾಗದಲ್ಲಿ ತೆಳು ಅಲ್ಯೂಮಿನಿಯಂ ಹಾಳೆ ಮತ್ತು ಗಾಜಿನ ನಾರಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ 'ಗ್ಲೇರ್' ಎಂಬ ಹಾಳೆಯನ್ನು ಬಳಸಿದ್ದಾರೆ.

ಅಲ್ಯೂಮಿನಿಯಂನ ನಿಜವಾದ ಮೈ ಯಾವುದು?

ಅಲ್ಯೂಮಿನಿಯಂ ಹಾಳೆ ಕಣ್ಣಿಗೆ ಸ್ವಚ್ಛವಾಗಿ ಹೊಳೆಯುತ್ತದೆ. ಆದರೆ ನಾವು ನೋಡುತ್ತಿರುವುದು ಬರಿಯ ಲೋಹವನ್ನಲ್ಲ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಆಮ್ಲಜನಕದ ಜೊತೆ ಸೇರಿ ತನ್ನ ಮೇಲೆ ಆಕ್ಸೈಡ್ ಪೊರೆಯೊಂದನ್ನು ಹೊದ್ದುಕೊಳ್ಳುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ 2ರಿಂದ 4 ಪಾಲು ಅಷ್ಟೇ. ಈ ಪೊರೆಯ ಮೇಲೆ ಗಾಳಿಯ ತೇವ, ಹಾಳೆ ಉರುಳಿಸುವಾಗ ಬಳಸಿದ ಎಣ್ಣೆ, ಧೂಳು, ಕೈಬೆವರು ಕೂತಿರುತ್ತವೆ. ಅಂಟು ಹಚ್ಚಿದರೆ ಅದು ಹಿಡಿಯುವುದು ಮೇಲಿನ ಈ ಕೊಳೆಯನ್ನು. ಕೊಳೆ ಬಿಟ್ಟರೆ ಅಂಟೂ ಬಿಟ್ಟಿತು.

ನಮ್ಮ ಊರಿನ ಕಸುಬುದಾರರಿಗೆ ಇದು ಹೊಸ ಮಾತಲ್ಲ. ಕಲಾಯಿ ಹಾಕುವವನು ಹಂಡೆಯನ್ನು ಮೊದಲು ಚೆನ್ನಾಗಿ ತಿಕ್ಕಿ ತೊಳೆಯುತ್ತಾನೆ, ಕಾಯಿಸಿ ನವಸಾಗರ ಹಾಕಿ ಒರೆಸುತ್ತಾನೆ, ಆಮೇಲೆ ತವರ. ನವಸಾಗರ ಹಾಕದಿದ್ದರೆ ತವರ ಗುಂಡುಗುಂಡಾಗಿ ಉರುಳುತ್ತದೆ, ಹಿಡಿಯುವುದಿಲ್ಲ. ಸೈಕಲ್ ಅಂಗಡಿಯವನು ಟ್ಯೂಬಿಗೆ ಪಂಕ್ಚರ್ ಹಾಕುವ ಮುನ್ನ ಉಜ್ಜಿ, ಸೊಲ್ಯೂಶನ್ ಹಚ್ಚಿ, ಆರಲು ಬಿಡುತ್ತಾನೆ. ಹುಪರಿಯ ಬೆಳ್ಳಿ ಕೆಲಸದವರು ಬೆಸುಗೆಗೆ ಮುನ್ನ ಬಿಳಿಗಾರ ಹಚ್ಚುತ್ತಾರೆ. ಇಚಲಕರಂಜಿಯ ಬಟ್ಟೆ ಸಂಸ್ಕರಣಾ ಘಟಕಗಳಲ್ಲಿ ಮಗ್ಗದಿಂದ ಬಂದ ಬಟ್ಟೆಯ ಗಂಜಿ ತೆಗೆದು, ಕುದಿಸಿ, ತೊಳೆದ ಮೇಲೆಯೇ ಬಣ್ಣಕ್ಕೆ ಹಾಕುವುದು. ಗಂಜಿ ಉಳಿದಲ್ಲಿ ಬಣ್ಣ ಮಚ್ಚೆ ಮಚ್ಚೆ. ವಿಮಾನದ ಕೆಲಸವೂ ಇದೇ ಜಾತಿಯದು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಬಣ್ಣದ ಮಚ್ಚೆ ಅಂದೇ ಕಣ್ಣಿಗೆ ಬೀಳುತ್ತದೆ. ಸರಿಯಾಗಿ ತೊಳೆಯದ ಅಲ್ಯೂಮಿನಿಯಂಗೆ ಹಚ್ಚಿದ ಅಂಟು ಮೊದಲ ದಿನ ಗಟ್ಟಿಯಾಗಿಯೇ ಇರುತ್ತದೆ. ಎಳೆದು ನೋಡಿದರೂ ಪಾಸಾಗುತ್ತದೆ. ಮೋಸ ಗೊತ್ತಾಗುವುದು ವರ್ಷಗಳ ಮೇಲೆ. ಜೋಡಣೆಯ ಅಂಚಿನಿಂದ ನೀರಿನ ತೇವ ನಿಧಾನವಾಗಿ ಒಳಗಿಳಿದು ಆಕ್ಸೈಡ್ ಪೊರೆಯನ್ನು ಸೇರುತ್ತದೆ. ಪೊರೆ ನೀರು ಕುಡಿದು ಉಬ್ಬಿ ಬೇರೆಯೇ ವಸ್ತುವಾಗುತ್ತದೆ, ಕೆಳಗಿನ ಲೋಹದ ಹಿಡಿತ ಬಿಡುತ್ತದೆ. ಅಂಟು ಹಾಳಾಗಿರುವುದಿಲ್ಲ, ಲೋಹವೂ ಹಾಳಾಗಿರುವುದಿಲ್ಲ. ನಡುವಿನ ಆ ತೆಳು ಪೊರೆ ಕೈಕೊಟ್ಟಿರುತ್ತದೆ.

1988ರ ಪಾಠ

ಇದರ ಬೆಲೆ ಏನೆಂದು ಜಗತ್ತಿಗೆ ತೋರಿಸಿದ್ದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ನಡೆದ ಒಂದು ಅಪಘಾತ. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ ಹಿಲೋ ಊರಿನಿಂದ ಹೊನಲುಲುವಿಗೆ ಹೊರಟಿತ್ತು. ಒಳಗೆ 95 ಜನ. 24,000 ಅಡಿ ಎತ್ತರದಲ್ಲಿದ್ದಾಗ ಒಡಲಿನ ಮೇಲ್ಭಾಗ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಯಿತು. ಪ್ರಯಾಣಿಕರು ಬಯಲಿನಲ್ಲಿ ಕೂತಂತಾಯಿತು. ಗಗನಸಖಿಯೊಬ್ಬರು ಹೊರಗೆ ಸೆಳೆದುಹೋಗಿ ಪ್ರಾಣ ಕಳೆದುಕೊಂಡರು. ಪೈಲಟ್‌ಗಳು ವಿಮಾನವನ್ನು ಮಾವಿ ದ್ವೀಪದಲ್ಲಿ ಇಳಿಸಿದ್ದರಿಂದ ಉಳಿದವರು ಬದುಕಿದರು.

ಆ ವಿಮಾನಕ್ಕೆ 19 ವರ್ಷ ವಯಸ್ಸು. ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟ ಮಾಡುತ್ತಾ 89,680 ಸಲ ಏರಿ ಇಳಿದಿತ್ತು. ಸುತ್ತ ಉಪ್ಪು ಗಾಳಿ. ಒಡಲಿನ ಹಾಳೆಗಳು ಒಂದರ ಮೇಲೊಂದು ಬರುವ ಜೋಡಣೆಯನ್ನು ಅಂಟು ಮತ್ತು ರಿವೆಟ್ ಎರಡರಿಂದಲೂ ಮಾಡಿದ್ದರು. ಬಲದ ಹೆಚ್ಚಿನ ಪಾಲನ್ನು ಅಂಟು ಹೊರಬೇಕು ಎಂಬುದು ಲೆಕ್ಕ. ಅಂಟು ಸವರಿದ ತೆಳು ಬಟ್ಟೆಯನ್ನು ತಣ್ಣಗೆ ಇಟ್ಟಿದ್ದು, ಹಚ್ಚಿದ ಮೇಲೆ ಸಾಮಾನ್ಯ ಉಷ್ಣತೆಯಲ್ಲೇ ಗಟ್ಟಿಯಾಗಲು ಬಿಡುವ ವಿಧಾನ ಅದು. ತಣ್ಣನೆಯ ಅಂಟಿನ ಮೇಲೆ ಗಾಳಿಯ ತೇವ ಹನಿಗಟ್ಟುವುದು, ಮೈ ಸಿದ್ಧತೆಯಲ್ಲಿನ ಕೊರತೆ ಮುಂತಾದ ಕಾರಣಗಳಿಂದ ಕೆಲವು ಕಡೆ ಹಿಡಿತ ದುರ್ಬಲವಾಯಿತು, ಕೆಲವು ಕಡೆ ಅಂಟೇ ಕೂರಲಿಲ್ಲ. ಅಂಟು ಬಿಟ್ಟಾಗ ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು. ರಿವೆಟ್ ತಲೆ ಕೂರಿಸಲು ತೆಳು ಹಾಳೆಯಲ್ಲಿ ಮಾಡಿದ ಇಳಿಜಾರು ತೂತಿನ ಅಂಚು ಚಾಕುವಿನಂತೆ ಹರಿತ. ಅಲ್ಲಿಂದ ಬಿರುಕುಗಳು ಹುಟ್ಟಿ ಒಂದಕ್ಕೊಂದು ಕೂಡಿಕೊಂಡವು.

ಅಂಟು ಬಿಟ್ಟದ್ದನ್ನೂ ಬಿರುಕುಗಳನ್ನೂ ನಿರ್ವಹಣೆಯ ತಪಾಸಣೆ ಸಕಾಲದಲ್ಲಿ ಪತ್ತೆ ಮಾಡಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಬೋಯಿಂಗ್ ಆ ತಣ್ಣನೆಯ ಅಂಟಿನ ವಿಧಾನವನ್ನು 1972ರಲ್ಲೇ ಕೈಬಿಟ್ಟಿತ್ತು. ಆದರೆ ಅದಕ್ಕೂ ಮೊದಲು ತಯಾರಾದ ವಿಮಾನಗಳು ಹಾರುತ್ತಲೇ ಇದ್ದವು. ಒಂದು ದಿನ ತಯಾರಿಯಲ್ಲಿ ಉಳಿದ ಕೊರತೆ ಎರಡು ದಶಕದ ಮೇಲೆ ಜೀವ ಕೇಳಿತು.

ಮೈ ಸಿದ್ಧ ಮಾಡುವ ಹಂತಗಳು

ಕಾರ್ಖಾನೆಯಲ್ಲಿ ಈ ಕೆಲಸ ಸಾಲು ತೊಟ್ಟಿಗಳಲ್ಲಿ ನಡೆಯುತ್ತದೆ. ವಿಮಾನ ಕಂಪನಿಯಿಂದ ಕಂಪನಿಗೆ ಅಂಕಿಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ.

1. ಎಣ್ಣೆ ತೆಗೆಯುವುದು. ಮೊದಲು ಅಸಿಟೋನ್ ಅಥವಾ ಅಂಥ ದ್ರಾವಕದಲ್ಲಿ ಅದ್ದಿದ ಸ್ವಚ್ಛ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸುತ್ತಾರೆ. ದ್ರಾವಕ ಆರುವ ಮುನ್ನ ಒಣ ಬಟ್ಟೆಯಿಂದ ತೆಗೆದುಬಿಡಬೇಕು. ಆರಲು ಬಿಟ್ಟರೆ ಕರಗಿದ ಎಣ್ಣೆ ಮತ್ತೆ ಅಲ್ಲೇ ಕೂರುತ್ತದೆ. ಕೊಳೆ ಬಟ್ಟೆಯಲ್ಲೇ ಮತ್ತೆ ಒರೆಸಿದರೆ ಎಣ್ಣೆ ತೆಗೆದಂತಲ್ಲ, ಹಂಚಿದಂತೆ.

2. ಕ್ಷಾರದಲ್ಲಿ ತೊಳೆಯುವುದು. ಲೋಹವನ್ನು ತಿನ್ನದಂಥ ಬಿಸಿ ಕ್ಷಾರ ದ್ರಾವಣದಲ್ಲಿ ಸುಮಾರು 10-15 ನಿಮಿಷ ಮುಳುಗಿಸಿ, ನೀರಿನಲ್ಲಿ ಜಾಲಿಸುತ್ತಾರೆ.

3. ಹಳೆ ಪೊರೆ ಕೀಳುವುದು. ಈಗ ಆಮ್ಲದ ತೊಟ್ಟಿ. ಗಾಳಿಯಲ್ಲಿ ತಾನಾಗಿ ಬೆಳೆದ ದುರ್ಬಲ ಆಕ್ಸೈಡನ್ನು ಆಮ್ಲ ಕರಗಿಸುತ್ತದೆ. ಅಮೆರಿಕದ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದಲ್ಲಿ ರೂಪುಗೊಂಡ 'ಎಫ್‌ಪಿಎಲ್' ವಿಧಾನ ಬಹಳ ಪ್ರಸಿದ್ಧ. ಗಂಧಕಾಮ್ಲ ಮತ್ತು ಸೋಡಿಯಂ ಡೈಕ್ರೋಮೇಟ್‌ನ ಬಿಸಿ ದ್ರಾವಣ ಅದು. ಮರದ ಬಗ್ಗೆ ಸಂಶೋಧನೆ ಮಾಡುವವರಿಗೆ ಅಂಟಿನ ವಿದ್ಯೆ ಗೊತ್ತಿತ್ತು, ಅದು ವಿಮಾನಕ್ಕೂ ಬಂತು! ಕ್ರೋಮಿಯಂ ಬೇಡವೆಂದರೆ ಗಂಧಕಾಮ್ಲ ಮತ್ತು ಫೆರಿಕ್ ಸಲ್ಫೇಟ್ ಬಳಸುವ ವಿಧಾನವಿದೆ. ವಿಮಾನದ ಅಲ್ಯೂಮಿನಿಯಂನಲ್ಲಿ ತಾಮ್ರ, ಸತುವು ಬೆರೆತಿರುತ್ತವೆ. ಅವು ಕಪ್ಪು ಮಸಿಯಾಗಿ ಮೇಲೆ ಉಳಿಯದಂತೆ ನೋಡಿಕೊಳ್ಳುವುದೂ ಈ ಹಂತದ ಕೆಲಸ.

4. ಹೊಸ ಪೊರೆ ಬೆಳೆಸುವುದು. ಇದೇ ಮುಖ್ಯ ಹಂತ. ಹೆಸರು ಆನೊಡೈಸಿಂಗ್. 1970ರ ದಶಕದಲ್ಲಿ ಬೋಯಿಂಗ್ ಬಳಕೆಗೆ ತಂದ ಫಾಸ್ಫಾರಿಕ್ ಆಮ್ಲದ ವಿಧಾನದಲ್ಲಿ, ಸುಮಾರು 10 ಶೇಕಡಾ ಆಮ್ಲದ ತೊಟ್ಟಿಯಲ್ಲಿ ಭಾಗವನ್ನು ತೂಗುಬಿಟ್ಟು, ಸುಮಾರು 10 ವೋಲ್ಟ್ ವಿದ್ಯುತ್ತನ್ನು 20-25 ನಿಮಿಷ ಹರಿಸುತ್ತಾರೆ. ಉಷ್ಣತೆ ಕೋಣೆಯದೇ. ಆಗ ಲೋಹದಿಂದಲೇ ಹೊಸ ಆಕ್ಸೈಡ್ ಪೊರೆ ಬೆಳೆಯುತ್ತದೆ. ದಪ್ಪ ಅರ್ಧ ಮೈಕ್ರಾನಿನಷ್ಟೂ ಇಲ್ಲ, ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಗೂಡಿನಂತೆ ರಂಧ್ರಗಳು, ಮೇಲೆ ಸಣ್ಣ ಎಳೆಗಳು. ಪ್ರೈಮರ್ ಈ ರಂಧ್ರಗಳಿಗೆ ಇಳಿದು ಬೇರು ಬಿಡುತ್ತದೆ. ಪೊರೆಯ ಮೇಲೆ ಉಳಿಯುವ ಫಾಸ್ಫೇಟ್ ಅಂಶ ನೀರನ್ನು ಬೇಗ ಒಳಬಿಡುವುದಿಲ್ಲ. ಯುರೋಪಿನಲ್ಲಿ ಬಹುಕಾಲ ಕ್ರೋಮಿಕ್ ಆಮ್ಲದ ಆನೊಡೈಸಿಂಗ್ ನಡೆಯುತ್ತಿತ್ತು.

5. ತಕ್ಷಣ ತೊಳೆಯುವುದು. ವಿದ್ಯುತ್ ನಿಂತ ಮೇಲೂ ಭಾಗ ಆಮ್ಲದಲ್ಲೇ ಇದ್ದರೆ ಈಗಷ್ಟೇ ಬೆಳೆದ ಪೊರೆಯನ್ನು ಆಮ್ಲ ತಿನ್ನತೊಡಗುತ್ತದೆ. ಆದ್ದರಿಂದ ಕೆಲವೇ ನಿಮಿಷದೊಳಗೆ ನೀರಿಗೆ ಬರಬೇಕು. ನೀರೂ ಬೋರ್‌ವೆಲ್‌ನ ಗಡಸು ನೀರಲ್ಲ. ಲವಣ ತೆಗೆದ ಶುದ್ಧ ನೀರು. ಬಿಸಿ ನೀರಂತೂ ಬೇಡವೇ ಬೇಡ.

6. ಒಣಗಿಸುವುದು ಮತ್ತು ಪ್ರೈಮರ್. ಹದವಾದ ಬಿಸಿಯಲ್ಲಿ ಒಣಗಿಸಿ, ಕೆಲವೇ ಗಂಟೆಗಳೊಳಗೆ ತುಕ್ಕು ತಡೆಯುವ ಪ್ರೈಮರ್ ಸಿಂಪಡಿಸುತ್ತಾರೆ. ದಪ್ಪ ಕೆಲವೇ ಮೈಕ್ರಾನು. ದಪ್ಪ ಹೆಚ್ಚಾದರೆ ಒಳ್ಳೆಯದೆಂದು ತಿಳಿಯಬಾರದು, ದಪ್ಪ ಪ್ರೈಮರ್ ತಾನೇ ಸೀಳುತ್ತದೆ. ಪ್ರೈಮರ್ ಬೆಂದ ಮೇಲೆ ಆ ನಾಜೂಕು ಮೈಗೆ ಒಂದು ರಕ್ಷಣೆ ಸಿಕ್ಕಂತೆ.

7. ಅಂಟು. ವಿಮಾನದ ಅಂಟು ಬಹುಮಟ್ಟಿಗೆ ಹಾಳೆಯ ರೂಪದಲ್ಲಿ ಬರುತ್ತದೆ, ಶೈತ್ಯಾಗಾರದಲ್ಲಿ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ ಇಡುತ್ತಾರೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಉಷ್ಣತೆಗೆ ಬರುವ ತನಕ ಕಾಯಬೇಕು. ಅವಸರದಲ್ಲಿ ಬಿಚ್ಚಿದರೆ ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಮೇಲೆ ಹನಿ ಕೂರುವಂತೆ ಅಂಟಿನ ಮೇಲೂ ತೇವ ಕೂರುತ್ತದೆ. ಅಲೋಹಾ ವಿಮಾನದ ಕಥೆ ನೆನಪಿರಲಿ. ಕೊನೆಗೆ ಭಾಗವನ್ನು ಆಟೊಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಒಲೆಗೆ ಹಾಕಿ, ಅಂಟಿನ ಜಾತಿಗೆ ತಕ್ಕಂತೆ 120 ಅಥವಾ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಕೊಟ್ಟು ಬೇಯಿಸುತ್ತಾರೆ.

ಕಿಟಕಿ ಚೌಕಟ್ಟಿನ ಆನೊಡೈಸಿಂಗ್ ಬೇರೆ

ಆನೊಡೈಸಿಂಗ್ ಎಂದ ಕೂಡಲೇ ಕಿಟಕಿ ಚೌಕಟ್ಟು, ಅಡುಗೆ ಪಾತ್ರೆ ನೆನಪಾಗುತ್ತವೆ. ಅದೂ ಇದೇ ವಿದ್ಯೆಯ ಕವಲು, ಆದರೆ ಗುರಿ ತದ್ವಿರುದ್ಧ. ಅಲ್ಲಿ ಗಂಧಕಾಮ್ಲದಲ್ಲಿ ದಪ್ಪ ಪೊರೆ ಬೆಳೆಸಿ, ಬಣ್ಣ ಹಾಕಿ, ಕೊನೆಗೆ ಕುದಿಯುವ ನೀರಿನಲ್ಲಿ ಅದ್ದಿ ರಂಧ್ರಗಳ ಬಾಯಿ ಮುಚ್ಚುತ್ತಾರೆ. ಬಣ್ಣ ಹೋಗಬಾರದು, ತುಕ್ಕು ಬರಬಾರದು ಎಂಬುದು ಉದ್ದೇಶ. ಅಂಟಿಸುವ ಕೆಲಸದಲ್ಲಿ ರಂಧ್ರದ ಬಾಯಿ ತೆರೆದೇ ಇರಬೇಕು. ಬಾಯಿ ಮುಚ್ಚಿದರೆ ಪ್ರೈಮರ್ ಇಳಿಯಲು ಜಾಗವೆಲ್ಲಿ? ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಆನೊಡೈಸಿಂಗ್ ಬಲ್ಲ ಕೆಲಸಗಾರರು ವಿಮಾನದ ಕೆಲಸಕ್ಕೆ ಹೋದರೆ ಮೊದಲು ಮರೆಯಬೇಕಾದ ಅಭ್ಯಾಸ ಇದು.

ಪರೀಕ್ಷೆ ಹೇಗೆ?

ಅತಿ ಸರಳ ಪರೀಕ್ಷೆ ನೀರಿನದು. ತೊಳೆದ ಹಾಳೆಯ ಮೇಲೆ ಶುದ್ಧ ನೀರು ಹರಿಸಿ ನಿಲ್ಲಿಸುತ್ತಾರೆ. ನೀರು ಒಂದೇ ತೆಳು ಪದರವಾಗಿ 30 ಸೆಕೆಂಡ್ ನಿಂತರೆ ಮೈ ಸ್ವಚ್ಛ. ನಡುವೆ ಒಡೆದು ಹನಿಹನಿಯಾದರೆ ಅಲ್ಲಿ ಎಣ್ಣೆಯಿದೆ, ಮತ್ತೆ ಮೊದಲಿನಿಂದ. ಇದನ್ನು ಮನೆಯಲ್ಲೇ ನೋಡಬಹುದು. ಸಾಬೂನಿನಿಂದ ಚೆನ್ನಾಗಿ ತೊಳೆದ ಊಟದ ಡಬ್ಬಿಯ ಮುಚ್ಚಳಕ್ಕೆ ಒಂದು ಮೂಲೆಯಲ್ಲಿ ತಲೆಗೆ ಎಣ್ಣೆ ಹಚ್ಚಿದ ಬೆರಳು ಸೋಕಿಸಿ ನೀರು ಹಾಕಿ. ಬೆರಳಿನ ಗುರುತು ಎಲ್ಲಿದೆ ಎಂದು ನೀರೇ ಹೇಳುತ್ತದೆ.

ಫಾಸ್ಫಾರಿಕ್ ಆಮ್ಲದ ಪೊರೆ ಸರಿಯಾಗಿ ಬೆಳೆದಿದೆಯೇ ಎಂದು ನೋಡಲು ಧ್ರುವೀಕೃತ ಬೆಳಕಿನ ಪರೀಕ್ಷೆಯಿದೆ. ವಿಶೇಷ ಗಾಜಿನ ಫಿಲ್ಟರ್ ಮೂಲಕ ಓರೆಯಾಗಿ ನೋಡಿದರೆ ಹಾಳೆಯ ಮೇಲೆ ಬಣ್ಣಗಳು ಕಾಣುತ್ತವೆ. ಫಿಲ್ಟರ್ ತಿರುಗಿಸಿದರೆ ಬಣ್ಣ ಬದಲಾಗುತ್ತದೆ. ಬಣ್ಣ ಕಾಣದಿದ್ದರೆ ಪೊರೆ ಬೆಳೆದಿಲ್ಲ.

ಬಾಳಿಕೆ ನೋಡಲು ಬೆಣೆ ಪರೀಕ್ಷೆ. ಅದೇ ತೊಟ್ಟಿಗಳಲ್ಲಿ ಅದೇ ದಿನ ತಯಾರಿಸಿದ ಎರಡು ಪಟ್ಟಿಗಳನ್ನು ಅಂಟಿಸಿ, ಒಂದು ತುದಿಯಲ್ಲಿ ಬೆಣೆ ಬಡಿಯುತ್ತಾರೆ. ಸೌದೆ ಸೀಳಲು ಬೆಣೆ ಹೊಡೆಯುವಂತೆ. ಬಿರುಕಿನ ತುದಿಗೆ ಗುರುತು ಹಾಕಿ, ಬಿಸಿ ಮತ್ತು ತೇವ ತುಂಬಿದ ಪೆಟ್ಟಿಗೆಯಲ್ಲಿ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಇಟ್ಟು, ಬಿರುಕು ಎಷ್ಟು ಮುಂದೆ ಹೋಯಿತೆಂದು ಅಳೆಯುತ್ತಾರೆ. ಎಳೆದು ನೋಡುವ ಪರೀಕ್ಷೆಯಲ್ಲಿ ಪಾಸಾಗುವ ಕಳಪೆ ಸಿದ್ಧತೆ ಇಲ್ಲಿ ಸಿಕ್ಕಿಬೀಳುತ್ತದೆ. ಅಂಟು ನಡುವೆ ಹರಿದು ಎರಡೂ ಪಟ್ಟಿಗೆ ಹಿಡಿದುಕೊಂಡಿದ್ದರೆ ಸರಿ. ಒಂದು ಪಟ್ಟಿಯ ಮೈ ಬರಿದಾಗಿ ಕಂಡರೆ ಸಿದ್ಧತೆ ತಪ್ಪಿದೆ ಎಂದೇ ಅರ್ಥ.

ಇಲ್ಲಿ ಒಂದು ಮಾತು ಗಮನಿಸಬೇಕು. ಪರೀಕ್ಷೆಗೆ ಒಳಗಾದದ್ದು ಪಕ್ಕದ ಪಟ್ಟಿ, ವಿಮಾನಕ್ಕೆ ಹೋಗುವ ಭಾಗವಲ್ಲ. ಮುಗಿದ ಭಾಗವನ್ನು ಅಲ್ಟ್ರಾಸೌಂಡ್‌ನಿಂದ ನೋಡಿದರೆ ಗಾಳಿಗುಳ್ಳೆ, ಅಂಟು ಬಿಟ್ಟ ಜಾಗ ಕಾಣುತ್ತವೆ. ಆದರೆ ಅಂಟು ಮೈಗೆ ತಾಗಿದೆ, ಹಿಡಿದಿಲ್ಲ ಎಂಬ ಸ್ಥಿತಿಯನ್ನು ಭರವಸೆಯಿಂದ ಹೇಳುವ ಯಂತ್ರ ಇಂದಿಗೂ ಇಲ್ಲ. ಆದ್ದರಿಂದಲೇ ವಿಮಾನ ಉದ್ಯಮ ಇದನ್ನು 'ವಿಶೇಷ ಪ್ರಕ್ರಿಯೆ' ಎಂದು ಕರೆಯುತ್ತದೆ. ಮಾಲು ನೋಡಿ ಗುಣ ಹೇಳಲಾಗದು, ಮಾಡಿದ ಕ್ರಮ ನೋಡಿಯೇ ಹೇಳಬೇಕು. ತೊಟ್ಟಿಯ ಉಷ್ಣತೆ, ಆಮ್ಲದ ಪ್ರಮಾಣ, ವೋಲ್ಟ್, ನಿಮಿಷ, ಕೆಲಸಗಾರನ ಸಹಿ ಎಲ್ಲವನ್ನೂ ದಾಖಲಿಸಿ ವರ್ಷಗಟ್ಟಲೆ ಇಡುತ್ತಾರೆ. ಇಂಥ ಘಟಕಗಳ ಕ್ರಮವನ್ನು ತಪಾಸಿಸಿ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ವ್ಯವಸ್ಥೆಗೆ 'ನ್ಯಾಡ್‌ಕ್ಯಾಪ್' ಎಂದು ಹೆಸರು. ಇದಿಲ್ಲದೆ ದೊಡ್ಡ ವಿಮಾನ ಕಂಪನಿಗಳ ಮೇಲ್ಮೈ ಸಂಸ್ಕರಣೆಯ ಕೆಲಸ ಸಿಗುವುದು ಕಷ್ಟ.

ರಿಪೇರಿಗೆ ತೊಟ್ಟಿ ತರುವುದೆಲ್ಲಿಂದ?

ಹಾರುವ ವಿಮಾನದ ರೆಕ್ಕೆ ಕಳಚಿ ತೊಟ್ಟಿಯಲ್ಲಿ ಅದ್ದಲಾಗದು. ಅದಕ್ಕೆ ಬೇರೆ ಉಪಾಯಗಳಿವೆ. ಆಸ್ಟ್ರೇಲಿಯಾದ ರಕ್ಷಣಾ ಪ್ರಯೋಗಾಲಯ ಬೆಳೆಸಿದ ವಿಧಾನದಲ್ಲಿ, ಸಣ್ಣ ಅಲ್ಯೂಮಿನಾ ಪುಡಿಯನ್ನು ಒಣ ಸ್ವಚ್ಛ ಗಾಳಿಯಿಂದ ಚಿಮ್ಮಿಸಿ ಮೈ ಒರಟು ಮಾಡುತ್ತಾರೆ. ಆಮೇಲೆ ಸೈಲೇನ್ ಎಂಬ ರಾಸಾಯನಿಕದ ತೆಳು ದ್ರಾವಣ ಹಚ್ಚಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಸೈಲೇನ್ ಅಣುವಿನ ಒಂದು ತುದಿ ಲೋಹದ ಆಕ್ಸೈಡನ್ನು, ಇನ್ನೊಂದು ತುದಿ ಅಂಟನ್ನು ಹಿಡಿಯುತ್ತದೆ. ಬೋಯಿಂಗ್ ಅಭಿವೃದ್ಧಿಪಡಿಸಿದ 'ಸೋಲ್-ಜೆಲ್' ವಿಧಾನವೂ ಇದೇ ದಾರಿಯದು. ಬರಿಯ ಮರಳು ಕಾಗದದಿಂದ ಉಜ್ಜಿ ಅಂಟು ಹಚ್ಚುವುದು ಮಾತ್ರ ವಿಮಾನಕ್ಕೆ ಸಾಲದು. ಉಜ್ಜಿದಲ್ಲಿ ಮತ್ತೆ ಹಳೆಯ ದುರ್ಬಲ ಪೊರೆಯೇ ಬೆಳೆದಿರುತ್ತದೆ.

ಕ್ರೋಮಿಯಂ ಮತ್ತು ನಮ್ಮ ನದಿ

ಈ ವಿದ್ಯೆಯ ಕತ್ತಲ ಬದಿ ಕ್ರೋಮಿಯಂ. ಡೈಕ್ರೋಮೇಟ್, ಕ್ರೋಮಿಕ್ ಆಮ್ಲಗಳಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಇದರ ಆವಿ ಮತ್ತು ಧೂಳು ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ನೀರಿಗೆ ಸೇರಿದರೆ ಬಾವಿ, ಹೊಲ ಎಲ್ಲಕ್ಕೂ ವಿಷ. ಕೊಲ್ಹಾಪುರ, ಇಚಲಕರಂಜಿಯವರಿಗೆ ಪಂಚಗಂಗೆಯ ಮಾಲಿನ್ಯದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಇಂಥ ಕೆಲಸ ನಮ್ಮ ಭಾಗಕ್ಕೆ ಬಂದರೆ ಉದ್ಯೋಗದ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು.

ಉಪಾಯ ಇಲ್ಲದೆ ಇಲ್ಲ. ತ್ಯಾಜ್ಯ ನೀರನ್ನು ಆಮ್ಲೀಯ ಸ್ಥಿತಿಯಲ್ಲಿಟ್ಟು ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಆರು ವೇಲೆನ್ಸಿಯ ಕ್ರೋಮಿಯಂ ಕಡಿಮೆ ಅಪಾಯದ ಮೂರು ವೇಲೆನ್ಸಿಗೆ ಇಳಿಯುತ್ತದೆ. ಆಮೇಲೆ ಸುಣ್ಣ ಹಾಕಿದರೆ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಅಪಾಯಕಾರಿ ತ್ಯಾಜ್ಯದ ಅಧಿಕೃತ ವಿಲೇವಾರಿ ಜಾಗಕ್ಕೇ ಕಳಿಸಬೇಕು, ಹಳ್ಳದ ದಂಡೆಗಲ್ಲ. ಇನ್ನೂ ಒಳ್ಳೆಯದು ಕ್ರೋಮಿಯಂ ಬಿಡುವುದು. ಯುರೋಪಿನ ಒಕ್ಕೂಟ 2017ರಿಂದ ವಿಶೇಷ ಅನುಮತಿಯಿಲ್ಲದೆ ಕ್ರೋಮಿಕ್ ಆಮ್ಲ ಬಳಸಬಾರದೆಂದು ಕಟ್ಟುಮಾಡಿದೆ. ಗಂಧಕಾಮ್ಲದ ಜೊತೆ ಟಾರ್ಟಾರಿಕ್, ಬೋರಿಕ್ ಅಥವಾ ಫಾಸ್ಫಾರಿಕ್ ಆಮ್ಲ ಬೆರೆಸುವ ವಿಧಾನಗಳು ಬಳಕೆಗೆ ಬಂದಿವೆ. ಇವುಗಳಲ್ಲಿ ಫಾಸ್ಫಾರಿಕ್-ಗಂಧಕಾಮ್ಲದ್ದು ಅಂಟಿಸುವ ಕೆಲಸಕ್ಕೆಂದೇ ಹೊಂದಿಸಿದ್ದು.

ಕೆಲಸಕ್ಕೆ ಹೋಗುವವರಿಗೆ ನಾಲ್ಕು ಮಾತು

ಸೊಲ್ಲಾಪುರದ ವಾಲ್‌ಚಂದ್ ಹಿರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ ವಿಮಾನದ ಕೆಲಸವೆಂದರೆ ದೂರದ ಮಾತು. ಈಗ ಅದು ಹತ್ತರಗಿಯ ತನಕ ಬಂದಿದೆ. ಅಂಥ ಕೆಲಸಕ್ಕೆ ಸೇರುವ ನಮ್ಮ ಮಕ್ಕಳು ಇವನ್ನು ನೆನಪಿಡಲಿ.

- ತೊಳೆದ ಮೈಯನ್ನು ಬರಿಗೈಯಿಂದ ಮುಟ್ಟಬಾರದು. ಸ್ವಚ್ಛ ಕೈಚೀಲ ಕಡ್ಡಾಯ. ಕೈಗೆ ಹಚ್ಚುವ ಕ್ರೀಮು, ತಲೆಯ ಎಣ್ಣೆ, ಸಿಲಿಕೋನ್ ಸ್ಪ್ರೇ ಅಂಟಿನ ಕೋಣೆಯ ಹತ್ತಿರವೂ ಬರಬಾರದು.

- ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ತುಂತುರು ಮತ್ತು ನೀರು ಇರುತ್ತವೆ. ಸೋಸದ ಗಾಳಿಯಿಂದ ಧೂಳು ಊದುವುದು ಬೇಡ.

- ಮಳೆಗಾಲ ನಮ್ಮ ಕಡೆ ಜೋರು. ಅಂಟಿನ ಕೋಣೆಯ ಉಷ್ಣತೆ, ತೇವಾಂಶ ಮಿತಿ ದಾಟಿದರೆ ಕೆಲಸ ನಿಲ್ಲಿಸಬೇಕು. 'ಇವತ್ತೊಂದು ದಿನ ನಡೆಯುತ್ತೆ' ಎನ್ನುವಂತಿಲ್ಲ.

- ಹೊತ್ತು ಮೀರಿದರೆ, ತೊಟ್ಟಿಯ ಅಂಕಿ ತಪ್ಪಿದರೆ, ಭಾಗ ಕೈಜಾರಿ ನೆಲಕ್ಕೆ ಬಿದ್ದರೆ ಮುಚ್ಚಿಡದೆ ಹೇಳಬೇಕು. ಮತ್ತೆ ತೊಳೆದರೆ ಒಂದು ದಿನ ಹಾಳು, ಅಷ್ಟೇ. ಹೇಳದೆ ಬಿಟ್ಟದ್ದನ್ನು ಆಮೇಲೆ ಯಾವ ಯಂತ್ರವೂ ಹಿಡಿಯಲಾರದು. ಹಾಗೆ ಹೇಳಿದ ಕೆಲಸಗಾರನನ್ನು ಮೇಲಿನವರು ಬೈಯಬಾರದು ಎಂಬುದೂ ಅಷ್ಟೇ ಮುಖ್ಯ.

- ಇಲ್ಲಿ ಹೇಳಿದ ಆಮ್ಲಗಳು ಸುಡುವಂಥವು. ತರಬೇತಿ, ಕನ್ನಡಕ, ಕೈಚೀಲ, ಗಾಳಿಯ ವ್ಯವಸ್ಥೆ ಇಲ್ಲದೆ ಶೆಡ್ಡಿನಲ್ಲಿ ಪ್ರಯೋಗ ಮಾಡಿ ನೋಡುವುದು ಬೇಡ.

ಲೇತಿನಲ್ಲಿ ಮಾಡಿದ ಕೆಲಸವನ್ನು ಅಳತೆಗೋಲು ಹಿಡಿದು ಯಾರಾದರೂ ನೋಡಬಹುದು. ತೊಟ್ಟಿಯ ಮುಂದೆ ನಿಂತವನ ಕೆಲಸ ಅಂಟಿನ ಕೆಳಗೆ ಮುಚ್ಚಿಹೋಗುತ್ತದೆ, ಮುಂದಿನ 20-30 ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಷ್ಟೂ ವರ್ಷ ಆ ವಿಮಾನ ಹತ್ತಿದವರ ಜೀವ ಆ ಅರ್ಧ ಗಂಟೆಯ ಕೆಲಸವನ್ನು ನೆಚ್ಚಿಕೊಂಡಿರುತ್ತದೆ.